ಮುಖವಾಡದ ಕಾವಲು ದೈವ: ನಿಮ್ಮ ಕಲ್ಪನೆಯ ನಾಡಿಗೆ ಒಂದನ್ನು ಕಟ್ಟುವ ಬಗೆ

ಕೊಪ್ಪಳ, ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆಯ ಹುಡುಗ ಹುಡುಗಿಯರು ಈಗ ಕನ್ನಡದಲ್ಲೇ ಫ್ಯಾಂಟಸಿ ಬರೆಯುತ್ತಿದ್ದಾರೆ. ಕಾಮಿಕ್ಸ್ ಬಿಡಿಸುವವರಿದ್ದಾರೆ, ಮೊಬೈಲ್ ಗೇಮ್ ಕಟ್ಟುವವರೂ ಇದ್ದಾರೆ. ಅವರ ನೋಟ್‌ಬುಕ್ಕಿನಲ್ಲಿ ಹೊಸ ನಾಡಿನ ನಕಾಶೆ ಇರುತ್ತದೆ, ರಾಜವಂಶ ಇರುತ್ತದೆ, ಬಾವುಟವೂ ಇರುತ್ತದೆ. ಆಮೇಲೆ ನಾಲ್ಕು ಕಾವಲು ದೈವಗಳು ಬರುತ್ತವೆ: ಬೆಂಕಿಯದೊಂದು, ನೀರಿನದೊಂದು, ಗಾಳಿಯದೊಂದು, ಮಣ್ಣಿನದೊಂದು. ನಾಲ್ಕಕ್ಕೂ ಚೆಂದದ ಮುಖವಾಡ. ಆ ನಾಲ್ಕನ್ನೂ ಕತೆಯಿಂದ ತೆಗೆದುಹಾಕಿದರೆ ನಿಮ್ಮ ನಾಡಿನಲ್ಲಿ ಏನು ಕೆಡುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ.

ತನ್ನ ಕೈಮೀರಿದ ಸಂಗತಿಯೊಂದರ ಜೊತೆ ಊರು ಮಾಡಿಕೊಂಡ ಕರಾರನ್ನು ನಾನು ಕಾವಲು ದೈವ ಎನ್ನುತ್ತೇನೆ. ಮುಖವಾಡ ಆ ಕರಾರು ಕಣ್ಣಿಗೆ ಕಾಣುವ ಜಾಗ. ಹಾಗಾಗಿ ಕೆಲಸವನ್ನು ಮುಖದಿಂದ ಶುರುಮಾಡದೆ ಕರಾರಿನಿಂದ ಶುರುಮಾಡಬೇಕು. ಅದಕ್ಕಿರುವ ದಾರಿಯನ್ನು ನಮ್ಮ ಸೀಮೆಯ ಉದಾಹರಣೆಗಳ ಜೊತೆಗೇ ಹೇಳುತ್ತೇನೆ.

ಮೊದಲು ಭಯದ ಪಟ್ಟಿ ಮಾಡಿ

ನಿಮ್ಮ ನಾಡಿನ ಜನ ನಡುರಾತ್ರಿ ಎಚ್ಚರಾದಾಗ ಏನನ್ನು ನೆನೆದು ಹೊರಳಾಡುತ್ತಾರೆ? ಅದನ್ನು ಬರೆದುಕೊಳ್ಳಿ. ಶತ್ರುರಾಜನ ದಂಡು ಎಂದು ಬರೆದು ಮುಗಿಸಬೇಡಿ. ದಂಡು ಒಂದು ತಲೆಮಾರಿಗೊಮ್ಮೆ ಬಂದೀತು, ದೈವಕ್ಕೆ ವರ್ಷಾವರ್ಷ ಕೆಲಸವಿರಬೇಕು.

ನಮ್ಮ ಕಡೆಯನ್ನೇ ನೋಡಿ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎನ್ನುತ್ತವೆ. ಇಲ್ಲಿನ ಎರೆಭೂಮಿ ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಚಕ್ಕಡಿ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಆನೆಗೊಂದಿ, ಗಂಗಾವತಿ ಕಡೆ ಹೋದರೆ ಬಂಡೆಗುಡ್ಡ, ಅಲ್ಲಿ ಚಿರತೆ, ಕರಡಿ. ಸಂಡೂರಿನಲ್ಲಿ ಅದಿರಿನ ಕೆಂಧೂಳು. ಹಟ್ಟಿಯಲ್ಲಿ ಚಿನ್ನಕ್ಕಾಗಿ ನೆಲದಾಳಕ್ಕೆ ಇಳಿಯುವ ಕಾರ್ಮಿಕರು. ಕೆಂಪು ಮಣ್ಣಿನ ಮಸಾರಿ ಹೊಲದವನ ಭಯ ಕಪ್ಪು ಮಣ್ಣಿನ ಎರೆ ಹೊಲದವನಿಗಿಲ್ಲ. ಗಣಿಗೆ ಇಳಿದವನ ಹೆಂಡತಿಯ ಭಯವಂತೂ ಬೇರೆಯೇ. ಪಟ್ಟಿಯಲ್ಲಿ ಈ ವ್ಯತ್ಯಾಸ ಕಾಣಬೇಕು.

ಒಂದೇ ಸಂಗತಿ ಇಬ್ಬರನ್ನು ಎರಡು ಬಗೆಯಲ್ಲಿ ಹೆದರಿಸಿದರೆ ಅದನ್ನು ಬಿಡಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ನೀರು ಹೊರಬಿಡುವ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ಲಿಂಕ್ ತುಂಡಾಗಿ ಕೊಚ್ಚಿಹೋಯಿತು. ಹೊಳೆಸಾಲಿನ ಊರುಗಳಿಗೆ ನೀರು ನುಗ್ಗೀತೆಂಬ ಭಯ. ಕಾಲುವೆ ನಂಬಿ ಭತ್ತ ನಾಟಿ ಮಾಡಿದವರಿಗೆ ನೀರೆಲ್ಲ ಹರಿದುಹೋದೀತೆಂಬ ಭಯ. ಅದೇ ನೀರು, ಒಬ್ಬರಿಗೆ ಹೆಚ್ಚಾದೀತು, ಇನ್ನೊಬ್ಬರಿಗೆ ಸಾಲದಾದೀತು. ಇಂಥ ಕಡೆ ಹುಟ್ಟಿದ ದೈವ ಒಬ್ಬರ ಪಾಲಿಗೆ ತಾಯಿಯಾದರೆ ಮತ್ತೊಬ್ಬರ ಪಾಲಿಗೆ ಮಾರಿಯಾಗಿರುತ್ತದೆ. ಕತೆಗೆ ಬೇಕಾದ ಜಗಳವೆಲ್ಲ ಅಲ್ಲೇ ಸಿಗುತ್ತದೆ.

ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಸಾಲು ಬಿಡಿ. ನಾಡಿನಲ್ಲಿ ನೋಡಿದವರೆಲ್ಲ ಇದೇನು ಎಂದು ಕೇಳುವ ವಿಚಿತ್ರ ವಸ್ತುಗಳಿಗೆ ಆ ಸಾಲು. ಹಂಪಿ ಹತ್ತಿರದ ನಿಂಬಾಪುರದಲ್ಲಿ ಬೂದಿಯ ದಿಬ್ಬವೊಂದಿದೆ. ವಾಲಿಯನ್ನು ಸುಟ್ಟ ಬೂದಿ ಎಂದು ಜನ ನಂಬುತ್ತಾರೆ. ಬಳ್ಳಾರಿ ಸೀಮೆಯ ಕುಡತಿನಿಯಲ್ಲೂ ಇಂಥ ಬೂದಿದಿಬ್ಬವಿದೆ. ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿದ ಸಗಣಿ ಮತ್ತೆ ಮತ್ತೆ ಸುಟ್ಟು ಆದದ್ದು ಅದು ಎಂದು ಪುರಾತತ್ವದವರು ತೋರಿಸಿದ್ದಾರೆ. ಎರಡು ವಿವರಣೆಯೂ ನಿಮಗೆ ಬೇಕು. ನಿಮ್ಮ ನಾಡಿನಲ್ಲಿ ಏನು ನಡೆದಿತ್ತು ಎಂಬುದು ನಿಮಗೆ ಮಾತ್ರ ಗೊತ್ತಿರಲಿ, ಜನ ಅದನ್ನು ಏನೆಂದು ನಂಬಿದರು ಎಂಬುದನ್ನು ಪಾತ್ರಗಳು ಹೇಳಲಿ.

ಎರಡನೆಯದು ಕರಾರು

ಈ ಹೆಜ್ಜೆಗೆ ಹೆಚ್ಚು ಹೊತ್ತು ಕೊಡಿ. ದೈವ ಏನು ಕೊಡುತ್ತದೆ, ಬದಲಿಗೆ ಏನು ಕೇಳುತ್ತದೆ, ಯಾವಾಗ ಮುನಿಯುತ್ತದೆ, ಅದರಿಂದ ಆಗದ ಕೆಲಸ ಯಾವುದು? ನಾಲ್ಕಕ್ಕೂ ಉತ್ತರ ಬರೆದಾಗಲೇ ದೈವಕ್ಕೆ ಜೀವ ಬರುವುದು.

ನಿಜವಾದ ಸಂಪ್ರದಾಯಗಳಲ್ಲಿ ಈ ಲೆಕ್ಕ ಬಹಳ ಚೊಕ್ಕವಾಗಿರುತ್ತದೆ. ತುಳುನಾಡಿನ ಪಂಜುರ್ಲಿ ಹಂದಿಯ ದೈವ. ಬೆಳೆಯನ್ನು ಹಾಳುಮಾಡುವ ಪ್ರಾಣಿಯೇ ಅಲ್ಲಿ ಬೆಳೆ ಕಾಯುವ ಹೊಣೆ ಹೊತ್ತಿದೆ. ಜಪಾನಿನ ಓಗಾ ಪರ್ಯಾಯ ದ್ವೀಪದಲ್ಲಿ ವರ್ಷದ ಕೊನೆಯ ರಾತ್ರಿ ಭಯಂಕರ ಮುಖವಾಡ ಹಾಕಿ, ಹುಲ್ಲಿನ ಹೊದಿಕೆ ಹೊದ್ದು ನಮಹಾಗೆ ಎಂಬ ದೈವಗಳು ಮನೆಮನೆಗೆ ನುಗ್ಗುತ್ತವೆ. ಸೋಮಾರಿಗಳಿದ್ದಾರೇನು, ಅಳುವ ಮಕ್ಕಳಿದ್ದಾರೇನು ಎಂದು ಗದರುತ್ತವೆ. ಮನೆಯ ಯಜಮಾನ ಕೂರಿಸಿ, ಉಣ್ಣಲು ಕುಡಿಯಲು ಕೊಟ್ಟು, ನಮ್ಮ ಮಕ್ಕಳು ಒಳ್ಳೆಯವರು ಎಂದು ವಾದಿಸಿ ಕಳಿಸುತ್ತಾನೆ. ಹೆದರಿಸುವುದು, ಉಪಚಾರ, ವಾದ ಎಲ್ಲವೂ ಕರಾರಿನೊಳಗೇ ಇವೆ.

ನಮ್ಮ ಜೋಕುಮಾರನಿಗೆ ಮುಖವಾಡವಿಲ್ಲ, ಮಣ್ಣಿನ ಮೂರ್ತಿ. ಆದರೂ ಕರಾರು ಕಲಿಯಲು ಅವನಿಗಿಂತ ಒಳ್ಳೆಯ ಗುರು ನಮ್ಮಲ್ಲಿಲ್ಲ. ಗಣಪತಿ ಬಂದು ಉಂಡು ಹೋಗಿ, ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ಶಿವನಿಗೆ ವರದಿ ಕೊಡುತ್ತಾನೆ. ಆಮೇಲೆ ಜೋಕುಮಾರ ಬರುತ್ತಾನೆ. ಹೆಂಗಸರು ಅವನನ್ನು ಬುಟ್ಟಿಯಲ್ಲಿ ಬೇವಿನೆಲೆಯ ನಡುವೆ ಕೂರಿಸಿಕೊಂಡು, ಬಾಯಿಗೆ ಬೆಣ್ಣೆ ಮೆತ್ತಿ, ಹಾಡು ಹೇಳುತ್ತ ಮನೆಮನೆಗೆ ತಿರುಗುತ್ತಾರೆ. ಬಡವರ ಮನೆಯ ಕಷ್ಟ, ಬಾರದ ಮಳೆ, ಒಣಗಿದ ಪೈರು ಎಲ್ಲವನ್ನೂ ಅವನು ನೋಡುತ್ತಾನೆ. ಅವನ ಆಯುಷ್ಯ ಏಳೇ ದಿನ. ಸತ್ತು ಹೋಗಿ, ಜನ ಸಂಕಟದಲ್ಲಿದ್ದಾರೆ, ಮಳೆ ಕೊಡು ಎಂದು ಶಿವನಿಗೆ ಹೇಳುವವನು ಅವನೇ. ಅವನ ಕೈಯಲ್ಲಿ ಆಯುಧವಿಲ್ಲ. ಕಂಡದ್ದನ್ನು ಕಂಡ ಹಾಗೆ ಮೇಲೆ ಮುಟ್ಟಿಸುವುದೇ ಅವನ ಕಾವಲು, ಅದಕ್ಕೆ ಅವನು ಪ್ರಾಣವನ್ನೇ ತೆರುತ್ತಾನೆ.

ಈಗ ನಾವೇ ಒಂದನ್ನು ಕಟ್ಟೋಣ. ನಾಡಿನ ಹೆಸರು ಕರಿಹೊಳೆ ಸೀಮೆ ಇರಲಿ. ಪೂರ್ವಿಕರು ಕಟ್ಟಿದ ದೊಡ್ಡ ಕಟ್ಟೆ, ಅದಕ್ಕೆ ನೀರು ಬಿಡುವ ಏಳು ತೂಬು, ಅಲ್ಲಿಂದ ಹೊರಟ ಉದ್ದದ ಕಾಲುವೆ. ಕಟ್ಟೆಯ ಕಾವಲು ದೈವ ತೂಬವ್ವ. ಕಟ್ಟೆ ಒಡೆಯದಂತೆ ನೋಡಿಕೊಳ್ಳುವುದು ಅವಳ ಹೊಣೆ. ಅವಳು ಕೇಳುವುದು ವರ್ಷಕ್ಕೊಂದು ಪಡಿ ಹೊಸ ಭತ್ತ. ಆದರೆ ಆ ಭತ್ತ ಕಾಲುವೆಯ ಕಟ್ಟಕಡೆಯ ಹೊಲದಲ್ಲೇ ಬೆಳೆದದ್ದಾಗಿರಬೇಕು.

ಈ ಒಂದು ಷರತ್ತು ಇಡೀ ನಾಡನ್ನು ಹೇಗೆ ಕಟ್ಟುತ್ತದೆ ನೋಡಿ. ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ರೈತರನ್ನು ಮಾತಾಡಿಸಿದವರಿಗೆ ಇದು ತಕ್ಷಣ ತಿಳಿಯುತ್ತದೆ. ಮೇಲ್ಭಾಗದವರು ನೀರು ಕಟ್ಟಿಕೊಂಡರೆ ಕೆಳಗಿನ ಕಾಲುವೆಯಲ್ಲಿ ಬರೀ ಜಾಲಿ ಬೆಳೆಯುತ್ತದೆ. ಕರಿಹೊಳೆ ಸೀಮೆಯಲ್ಲಿ ಹಾಗೆ ಮಾಡಿದರೆ ಕಡೆಯ ಹೊಲ ಒಣಗುತ್ತದೆ, ತೂಬವ್ವನ ಪಡಿ ತಪ್ಪುತ್ತದೆ, ಕಟ್ಟೆಯ ಕಾವಲು ಬಿಡುತ್ತದೆ. ಆಗ ಮೊದಲು ಮುಳುಗುವುದು ಕಟ್ಟೆಯ ಬುಡದಲ್ಲಿರುವ ಮೇಲ್ಭಾಗದವರ ಗದ್ದೆ. ಹಾಗಾಗಿ ಊರಗೌಡ ರಾತ್ರಿ ಕಂದೀಲು ಹಿಡಿದು ಕಾಲುವೆ ಕಾಯುತ್ತಾನೆ. ಕಡೆಯ ಹೊಲದ ಒಡತಿ ಬಡವಿಯಾದರೂ ಸಭೆಯಲ್ಲಿ ಅವಳ ಮಾತಿಗೆ ತೂಕವಿದೆ. ಕಳ್ಳತನದಿಂದ ಬೇರೆ ಹೊಲದ ಭತ್ತ ತಂದು ಅವಳ ಚೀಲಕ್ಕೆ ಸುರಿಯುವವನೂ ಒಬ್ಬ ಇದ್ದೇ ಇರುತ್ತಾನೆ. ಕಾನೂನು, ಮರ್ಯಾದೆ, ಮೋಸ, ಹಬ್ಬ ಎಲ್ಲವೂ ಒಂದು ಪಡಿ ಭತ್ತದಿಂದ ಹೊರಟವು. ನಾಡಿನ ಸಂಸ್ಕೃತಿಯನ್ನು ದೈವ ಪ್ರತಿನಿಧಿಸಬೇಕು ಎಂದಾಗ ನನ್ನ ಮನಸ್ಸಿನಲ್ಲಿರುವುದು ಇದು.

ಒಂದೇ ಬಾರಿಗೆ ನಾಲ್ಕೈದು ದೈವಗಳನ್ನು ಸಮಸಮವಾಗಿ ಕಟ್ಟಲು ಹೋಗಬೇಡಿ. ಒಂದನ್ನು ಪೂರ್ತಿ ಕಟ್ಟಿ. ಗುಡ್ಡದ ಕರಡಜ್ಜ, ಎರೆಹೊಲದ ಬಿರುಕಪ್ಪ ಸದ್ಯಕ್ಕೆ ಬರೀ ಹೆಸರಾಗಿ ಇರಲಿ. ನಮ್ಮ ಊರುಗಳಲ್ಲೂ ಪಕ್ಕದ ಊರಿನ ದೇವರ ಹೆಸರಷ್ಟೇ ಎಲ್ಲರಿಗೂ ಗೊತ್ತಿರುತ್ತದೆ.

ಮುಖ ಬರೆಯುವುದು

ಕರಾರು ಸಿಕ್ಕಮೇಲೆ ಮುಖಕ್ಕೆ ಕೈಹಾಕಿ. ನಿಯಮ ಇಷ್ಟೇ: ಮುಖವಾಡದ ಮೇಲಿನ ಪ್ರತಿಯೊಂದು ಗುರುತೂ ಕರಾರಿನ ಒಂದು ಮಾತನ್ನು ಹೇಳಬೇಕು. ಹೇಳದಿದ್ದರೆ ಅಳಿಸಿ.

ತೂಬವ್ವನಿಗೆ ಏಳು ಕಣ್ಣು, ತೂಬಿಗೊಂದರಂತೆ. ಒಂದು ಕಣ್ಣಿಗೆ ಕಬ್ಬಿಣದ ಸರಪಳಿ ಬಿಗಿದಿದೆ. ಹಿಂದೊಮ್ಮೆ ಒಡೆದ ತೂಬು ಅದು. ಪ್ರತಿ ಅಮಾವಾಸ್ಯೆ ಆ ಸರಪಳಿಗೆ ಔಡಲೆಣ್ಣೆ ಹಚ್ಚುತ್ತಾರೆ. ಬಾಯಿ ಚಿಕ್ಕದು, ಒಂದು ಪಡಿ ಹಿಡಿಯುವಷ್ಟು. ಹಣೆಯ ಮೇಲೆ ಭತ್ತದ ತೆನೆ. ಕೋರೆಹಲ್ಲು ಇಲ್ಲ, ಅವಳು ಯಾರನ್ನೂ ಕಚ್ಚಬೇಕಾಗಿಲ್ಲ, ಕೈಬಿಟ್ಟರೆ ಸಾಕು. ನಿಜಜೀವನದ 33 ಗೇಟುಗಳನ್ನು ನಾನು ಏಳು ಮಾಡಿದ್ದೇಕೆಂದರೆ, ದೂರದಿಂದ ನೋಡಿದವರಿಗೂ ಕಣ್ಣೆಷ್ಟು ಎಂದು ಎಣಿಸಲು ಬರಬೇಕು. ಸುದ್ದಿಯಲ್ಲಿ ಬಂದದ್ದನ್ನು ಹಾಗ್ಹಾಗೇ ಎತ್ತಿಡುವುದೂ ಕಲ್ಪನೆಯ ನಾಡಿಗೆ ಒಪ್ಪುವುದಿಲ್ಲ.

ಬಣ್ಣವನ್ನು ನಾಡಿನ ನೆಲದಿಂದಲೇ ತೆಗೆಯಿರಿ: ಸಂಡೂರಿನ ಕಡುಗೆಂಪು, ಎರೆಯ ಕಪ್ಪು, ಬೂದಿದಿಬ್ಬದ ಬಿಳಿಬೂದು, ಬಿಳಿಜೋಳದ ತೆನೆಯ ಬಣ್ಣ. ಹಳೇ ಮೈಸೂರು ಕಡೆಯ ಸೋಮನ ಕುಣಿತದಲ್ಲಿ ಗ್ರಾಮದೇವತೆಯ ಅಂಗರಕ್ಷಕರಾದ ಸೋಮಗಳನ್ನು ಜನ ದೂರದಿಂದಲೇ ಮುಖದ ಬಣ್ಣ ನೋಡಿ ಗುರುತಿಸುತ್ತಾರೆ. ನಿಮ್ಮ ದೈವಗಳನ್ನೂ ಹಾಗೆ ಗುರುತಿಸಲು ಬರಬೇಕು.

ಕಣ್ಣು ಮೂಗು ಇರಲೇಬೇಕು ಎಂದೇನಿಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಸತ್ತವರಿಗಾಗಿ ಚಪ್ಪಡಿಗಳಿಂದ ಕಟ್ಟಿದ ಬೃಹತ್ ಶಿಲಾಯುಗದ ಕಲ್ಮನೆಗಳು ಸಾಲುಸಾಲಾಗಿವೆ. ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ಹಲವು ಕಲ್ಮನೆಗಳ ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿ ಕೊರೆದಿದ್ದಾರೆ. ಮಧ್ಯಾಹ್ನದ ಬಿಸಿಲಲ್ಲಿ ಚಪ್ಪಡಿ ಬೆಳ್ಳಗೆ ಹೊಳೆಯುತ್ತದೆ, ಕಿಂಡಿಯೊಳಗೆ ಮಾತ್ರ ಕಗ್ಗತ್ತಲೆ. ಸತ್ತವರನ್ನು ಕಾಯುವ ದೈವಕ್ಕೆ ಅದಕ್ಕಿಂತ ಒಳ್ಳೆಯ ಮುಖ ಬೇಕೆ? ಅಲ್ಲೇ ಬಂಡೆಯೊಂದರ ಮೇಲೆ ನಗಾರಿಯಾಕಾರದ ದೊಡ್ಡ ಕಲ್ಲಿದೆ, ಬಡಿದರೆ ದೂರಕ್ಕೆ ಕೇಳುವಂತೆ ನಾದ ಬರುತ್ತದೆ. ಮುಖವಿಲ್ಲದ ದೈವವನ್ನು ಕರೆಯುವ ವಾದ್ಯವೂ ಸಿಕ್ಕಿತು.

ಯಾರು ಹೊರುತ್ತಾರೆ, ಮರುದಿನ ಏನಾಗುತ್ತದೆ

ಬಹಳ ಜನ ಈ ಹೆಜ್ಜೆಯನ್ನು ಹಾರಿಸಿಬಿಡುತ್ತಾರೆ. ಮುಖವಾಡದ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಅವನ ಮನೆ ಎಲ್ಲಿದೆ, ಊಟ ಯಾರು ಕೊಡುತ್ತಾರೆ, ಯಾವ ಜಾತಿ, ಹೊರಲು ಒಲ್ಲೆ ಎನ್ನುವ ಹಕ್ಕು ಅವನಿಗಿದೆಯೆ?

ತುಳುನಾಡಿನ ದೈವಾರಾಧನೆಯಾದ ಭೂತಕೋಲದಲ್ಲಿ ದೈವ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು. ದೈವ ಮೈಮೇಲೆ ಇದ್ದಷ್ಟು ಹೊತ್ತು ಊರಿನ ದೊಡ್ಡವರು ಕೈಮುಗಿದು ನಿಲ್ಲುತ್ತಾರೆ. ಬೆನ್ನಿಗೆ ಕಟ್ಟಿದ ಅಣಿ ಬಿಚ್ಚಿ, ಬಣ್ಣ ತೊಳೆದುಕೊಂಡ ಮೇಲೆ ಅದೇ ಮನುಷ್ಯ ಅದೇ ದೊಡ್ಡವರ ಅಂಗಳದಲ್ಲಿ ಎಲ್ಲಿ ನಿಲ್ಲುತ್ತಿದ್ದ ಎಂಬ ಪ್ರಶ್ನೆಯಲ್ಲಿ ಶತಮಾನಗಳ ಸಂಕಟವಿದೆ. ನಮ್ಮ ಭಾಗದಲ್ಲಿ ದೇವಿಯ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವ ಪದ್ಧತಿ ಎಷ್ಟು ಜೀವ ಹಿಂಡಿತೆಂದು ಬಳ್ಳಾರಿ, ಕೊಪ್ಪಳ, ರಾಯಚೂರಿನ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ 1982ರದು. ದೈವವನ್ನು ಹೊರುವುದು ಗೌರವವೂ ಹೌದು, ಹೊರೆಯೂ ಹೌದು. ನಿಮ್ಮ ನಾಡಿನಲ್ಲಿ ಆ ಹೊರೆ ಯಾರ ಹೆಗಲ ಮೇಲಿದೆ ಎಂಬುದನ್ನು ನೀವು ಮುಚ್ಚಿಟ್ಟರೆ ಓದುಗರಿಗೆ ಸುಳ್ಳು ಹೇಳಿದಂತೆ.

ಅಭ್ಯಾಸಕ್ಕೆ ಒಂದು ಪುಟ ಬರೆಯಿರಿ: ಹಬ್ಬ ಮುಗಿದ ಮರುದಿನ ಬೆಳಿಗ್ಗೆ. ತೂಬವ್ವನನ್ನು ಹೊತ್ತವಳು ಕಡೆಯ ಊರಿನ ಕೂಲಿಯವಳು. ನಿನ್ನೆ ರಾತ್ರಿ ಗೌಡನಿಗೆ ಏಕವಚನದಲ್ಲಿ ಬೈದಿದ್ದಾಳೆ. ಈಗ ಅವನದೇ ಗದ್ದೆಗೆ ಕಳೆ ಕೀಳಲು ಹೋಗಬೇಕು. ಕಟ್ಟೆಯ ದಾರಿಯಲ್ಲಿ ಇಬ್ಬರೂ ಎದುರಾಗುತ್ತಾರೆ. "ಅವ್ವಾ, ರಾತ್ರಿ ಹೇಳಿದ್ದು ನೀನೋ ಆಕೀನೋ?" ಎಂದು ಗೌಡ ಕೇಳಿದರೆ ಅವಳ ಉತ್ತರ ಏನು? ಆ ಉತ್ತರ ಸಿಗುವವರೆಗೆ ಮುಂದಿನ ಹೆಜ್ಜೆಗೆ ಹೋಗಬೇಡಿ.

ಬರುವ ದಿನ, ಆಡುವ ಮಾತು

ಬೇಕೆಂದಾಗ ಪ್ರತ್ಯಕ್ಷವಾಗುವ ದೈವಕ್ಕೆ ಕಿಮ್ಮತ್ತಿಲ್ಲ. ಅದಕ್ಕೊಂದು ದಿನ ಇರಬೇಕು, ಬರುವ ಸೂಚನೆ ಇರಬೇಕು, ಹೋಗುವ ಕ್ರಮವೂ ಇರಬೇಕು. ನಮ್ಮ ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಲೆಕ್ಕ ಹಾಕುತ್ತಾರೆ. ಮೃಗಶಿರ, ಉತ್ತರಿ, ಚಿತ್ತಿ, ಸ್ವಾತಿ, ಹೀಗೆ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ನಿಮ್ಮ ನಾಡಿಗೂ ಇಂಥದೊಂದು ಪಂಚಾಂಗ ಮಾಡಿಕೊಂಡರೆ ದೈವದ ದಿನ ಸುಲಭವಾಗಿ ಸಿಗುತ್ತದೆ.

ಬರುವ, ಹೋಗುವ ಕ್ರಮ ಹೇಗಿರಬೇಕೆಂದು ಕಲಿಯಬೇಕಾದರೆ ಮುದಗಲ್ಲಿನ ಮೊಹರಂ ನೋಡಿ. ಹಿಂದೂ, ಮುಸ್ಲಿಂ ಎನ್ನದೆ ಇಡೀ ಸೀಮೆಯೇ ಸೇರುತ್ತದೆ. ಕುಣಿ ತೋಡಲು ಗುದ್ದಲಿ ಬಿದ್ದ ದಿನದಿಂದ ಕತ್ತಲ ರಾತ್ರಿಯವರೆಗೆ, ಕೊನೆಗೆ ದೇವರು ಹೊಳೆಗೆ ಹೋಗುವವರೆಗೆ ಪ್ರತಿಯೊಂದು ದಿನಕ್ಕೂ ತನ್ನದೇ ಕೆಲಸವಿದೆ. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು, ಕರ್ಬಲಾದ ಕತೆ ಹೇಳುವ ರಿವಾಯತ್ ಪದ ಹಾಡುವವರು, ಹುಲಿವೇಷ ಹಾಕಿ ಹರಕೆ ತೀರಿಸುವವರು, ಸಕ್ಕರೆ ಓದಿಸುವವರು. ಎಲ್ಲರಿಗೂ ಒಂದು ಪಾಲು. ಬರೀ ನೋಡುವವರು ಎಂಬ ಗುಂಪೇ ಇಲ್ಲ. ನಿಮ್ಮ ಹಬ್ಬದ ದೃಶ್ಯದಲ್ಲಿ ಪ್ರೇಕ್ಷಕರು ಸುಮ್ಮನೆ ನಿಂತಿದ್ದರೆ ಅವರಿಗೂ ಕೆಲಸ ಕೊಡಿ.

ಮಾತಿನ ವಿಷಯಕ್ಕೆ ಮೈಲಾರ ಜಾತ್ರೆಯ ಕಾರಣಿಕ, ಅಂದರೆ ದೈವದ ಭವಿಷ್ಯವಾಣಿ, ಸಾಕು. ಮೈಲಾರಲಿಂಗನ ಭಕ್ತನಾದ ಗೊರವಯ್ಯ ಬಿಲ್ಲನ್ನೇರಿ, ಇಡೀ ಜನಸಾಗರ ಸದ್ದಡಗಿದ ಮೇಲೆ ಒಂದೇ ಸಾಲು ಹೇಳಿ ಕೆಳಗೆ ಬೀಳುತ್ತಾನೆ. ಅದರ ಅರ್ಥವನ್ನು ಜನ ವರ್ಷವಿಡೀ ಹುಡುಕುತ್ತಾರೆ, ಮಳೆಗೆ ಹೊಂದಿಸುತ್ತಾರೆ, ರಾಜಕೀಯಕ್ಕೂ ಹೊಂದಿಸುತ್ತಾರೆ. ನಿಮ್ಮ ದೈವ ಪುಟಗಟ್ಟಲೆ ಭವಿಷ್ಯ ಹೇಳುತ್ತಿದ್ದರೆ ಒಂದು ಸಾಲಿಗೆ ಇಳಿಸಿ. "ಎರೆ ಬಾಯಿ ಬಿಟ್ಟಿತು, ಹೊಳೆ ಸಾಲ ಕೇಳಿತು." ತೂಬವ್ವ ಇಷ್ಟು ಹೇಳಿದರೆ ಸಾಕು, ಮಿಕ್ಕಿದ್ದನ್ನು ಊರೇ ಜಗಳವಾಡಿ ಬಿಡಿಸಿಕೊಳ್ಳುತ್ತದೆ.

ಎಲ್ಲಿಂದ ತೆಗೆದುಕೊಳ್ಳಬಹುದು

ಜೀವಂತ ದೈವದ ಮುಖ, ಹೆಸರು, ನುಡಿಗಟ್ಟು, ಕೂಗು ಇವನ್ನು ಎತ್ತಬೇಡಿ. ದೈವದ ವೇಷ ಹಾಕಿ ವೇದಿಕೆಯಲ್ಲಿ ಕುಣಿದದ್ದು, ರೀಲ್ಸ್ ಮಾಡಿದ್ದು ಕಂಡು ತುಳುನಾಡಿನವರು ನೊಂದು ವಿರೋಧಿಸಿದ್ದು ನ್ಯಾಯವೇ ಆಗಿತ್ತು. ನಮ್ಮ ಕಡೆಯ ದೇವಿ ಹುಲಿಗೆಮ್ಮನನ್ನೋ ಮೊಹರಂನ ಅಲಾಯಿ ದೇವರನ್ನೋ ಯಾರಾದರೂ ಗೇಮಿನಲ್ಲಿ ಹೊಡೆದು ಬೀಳಿಸುವ ದೊಡ್ಡ ಶತ್ರು (ಬಾಸ್) ಮಾಡಿದರೆ ನಮಗೂ ಹಾಗೇ ಆಗುತ್ತದೆ. ಕರಾರಿನ ರೀತಿ, ಹಬ್ಬದ ಲಯ, ನೆಲದ ಬಣ್ಣ, ಕುಶಲಕರ್ಮಿಗಳ ಕೈಕೆಲಸ ಇವುಗಳಿಂದ ಕಲಿಯಿರಿ, ಕಲಿತದ್ದು ಯಾರಿಂದ ಎಂದು ಪುಸ್ತಕದಲ್ಲಿ ಬರೆಯಿರಿ.

ಮುಖವಾಡವನ್ನು ಕೈಯಾರೆ ಮಾಡಿ

ಚಿತ್ರ ಬರೆದು ನಿಲ್ಲಿಸಬೇಡಿ. ಒಮ್ಮೆ ಕೈಯಿಂದ ಮಾಡಿ, ಮುಖಕ್ಕೆ ಕಟ್ಟಿಕೊಂಡರೆ ಕತೆಯೇ ಬದಲಾಗುತ್ತದೆ.

ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಸಾಧ್ಯವಾದರೆ ಹೋಗಿಬನ್ನಿ. ಅಲ್ಲಿನ ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ದೇವರ ಮೂರ್ತಿ, ಗೊಂಬೆಗಳನ್ನು ಮಾಡುತ್ತಾರೆ. ಈ ಕಲೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಸಿಕ್ಕಿದೆ. ಬಿಡಿಭಾಗಗಳನ್ನು ಜೋಡಿಸುವುದು ಹುಣಸೆಬೀಜದ ಅಂಟಿನಿಂದ. ಸೆಣಬಿನ ಚೂರು, ಮರದ ಹೊಟ್ಟು, ಅದೇ ಅಂಟು ಕಲಸಿದ ಕಿಟ್ಟವನ್ನು ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಬಟ್ಟೆಯ ತುಂಡು, ಅದರ ಮೇಲೆ ನುಣ್ಣನೆಯ ಕಲ್ಲುಪುಡಿಯ ಲೇಪ, ಆಮೇಲೆ ಬಣ್ಣ. ಒಡವೆಯ ಉಬ್ಬುಗೆರೆ ಎಳೆಯುವ ಕೈ ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಮನೆಯಲ್ಲಿ ಅದೇ ತತ್ವವನ್ನು ಪೇಪರಿನಲ್ಲಿ ಮಾಡಬಹುದು. ಹುಣಸೆಬೀಜ ಹುರಿದು ಕಂದು ಸಿಪ್ಪೆ ತೆಗೆಯಿರಿ. ರಾತ್ರಿಯಿಡೀ ನೆನೆಹಾಕಿ, ನುಣ್ಣಗೆ ರುಬ್ಬಿ, ತೆಳುಬಟ್ಟೆಯಲ್ಲಿ ಸೋಸಿ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ರಾಗಿ ಗಂಜಿಯ ಹದಕ್ಕೆ ತನ್ನಿ. ಒಂದೆರಡು ದಿನದಲ್ಲಿ ವಾಸನೆ ಬರುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ.

ಗಣಪತಿ ಮಾಡುವ ಜೇಡಿಮಣ್ಣಿನಲ್ಲಿ ಹಲಗೆಯ ಮೇಲೆ ಮುಖ ತಿದ್ದಿ. ಹಾಕಿಕೊಳ್ಳುವವರ ಮುಖಕ್ಕಿಂತ ಎಲ್ಲ ಕಡೆ ಒಂದು ಬೆರಳು ದೊಡ್ಡದಿರಲಿ. ಮಣ್ಣಿನ ಮೇಲೆ ಮೊದಲ ಪದರಕ್ಕೆ ಬರೀ ನೀರಲ್ಲಿ ನೆನೆದ ಪೇಪರ್ ಹಾಸಿ, ಆಗ ಕೊನೆಗೆ ಸುಲಭವಾಗಿ ಬಿಡುತ್ತದೆ. ಆಮೇಲೆ ಅಂಟು ಸವರಿದ ಪೇಪರ್ ತುಂಡುಗಳನ್ನು ಐದಾರು ಪದರ ಹಾಕಿ. ಒಂದು ಪದರ ಒಣಗಿದ ಮೇಲೇ ಇನ್ನೊಂದು. ನಮ್ಮ ಬಿಸಿಲನ್ನು ನಂಬಿ ಮಾಳಿಗೆಯ ಮೇಲೆ ಇಟ್ಟರೆ ಅಂಚು ಸೊಟ್ಟಗಾಗುತ್ತದೆ, ನೆರಳಲ್ಲೇ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಮಣ್ಣಿನಿಂದ ಬಿಡಿಸಿ, ಅಂಚು ಕತ್ತರಿಸಿ, ಉಜ್ಜುಕಾಗದದಿಂದ ತಿಕ್ಕಿ. ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಎರಡು ಸಲ ಬಳಿದರೆ ಬಣ್ಣಕ್ಕೆ ಒಳ್ಳೆಯ ನೆಲ ಸಿಗುತ್ತದೆ.

ಕಣ್ಣಿನ ವಿಷಯದಲ್ಲಿ ಜಾಗ್ರತೆ ಬೇಕು. ಚಿತ್ರದ ಕಣ್ಣು ಇರುವಲ್ಲೇ ತೂತು ಮಾಡಬೇಕಿಲ್ಲ. ತೂಬವ್ವನ ಏಳು ಕಣ್ಣೂ ಬರೀ ಬಣ್ಣ. ಒಳಗಿನವಳು ನೋಡುವುದು ಮೂಗಿನ ಕೆಳಗಿನ ಸೀಳಿನಿಂದ. ಬಾಯಿ ಚಿಕ್ಕದಾದರೂ ಅದರ ತೂತು ಉಸಿರಿಗೆ ಸಾಲುವಷ್ಟಿರಲಿ. ಒಳಗೆ ಹತ್ತಿಬಟ್ಟೆ ಅಂಟಿಸಿ, ಹಣೆಗೆ ಬಟ್ಟೆಯ ಮೆತ್ತೆ ಇಡಿ, ಕಟ್ಟುವ ಪಟ್ಟಿ ನೆತ್ತಿಯ ಮೇಲೂ ಒಂದಿರಲಿ. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಹೊತ್ತಲ್ಲಿ ಮಕ್ಕಳಿಗೆ ಮುಖವಾಡ ಕಟ್ಟಿ ಕುಣಿಸಬೇಡಿ. ಮೊದಲ ಸಲ ಹಾಕಿಕೊಂಡಾಗ ಜೊತೆಗೊಬ್ಬರಿರಲಿ. ಮೆಟ್ಟಿಲು ಇಳಿದು ನೋಡಿ, ಪಕ್ಕಕ್ಕೆ ಯಾರಾದರೂ ಬಂದರೆ ಕಾಣುತ್ತದೆಯೇ ನೋಡಿ.

ಪಕ್ಕದಲ್ಲಿ ಏನೂ ಕಾಣುವುದಿಲ್ಲ ಎಂಬುದು ಆಗ ಅರಿವಾಗುತ್ತದೆ. ತನ್ನ ಉಸಿರು ತನಗೇ ಜೋರಾಗಿ ಕೇಳುತ್ತದೆ, ಹೊರಗಿನವರ ಮಾತು ದೂರವಾಗುತ್ತದೆ, ತೋಳು ಹಿಡಿದು ನಡೆಸುವವರು ಬೇಕಾಗುತ್ತಾರೆ. ಹಾಗಾಗಿ ಕರಿಹೊಳೆ ಸೀಮೆಯಲ್ಲಿ ತೂಬವ್ವನ ಕೈಹಿಡಿಯುವ ಹುಡುಗನೊಬ್ಬನನ್ನು ಸೇರಿಸಿ. ದೈವಕ್ಕೆ ದಾರಿ ತೋರಿಸುವವನು ಅವನು. ಅವನು ಬೇಕೆಂದೇ ತಪ್ಪು ದಾರಿಗೆ ಕರೆದೊಯ್ಯುವ ರಾತ್ರಿಯಿಂದ ನಿಮ್ಮ ಕತೆಯ ಮೊದಲ ಅಧ್ಯಾಯ ಬರೆಯಲು ಶುರುಮಾಡಿ.